ಈ ಕಾಲೇಜೇ ಏಕೆ?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೆಯ ದಿನ ನಿಮ್ಮಲ್ಲಿ ಅನೇಕರು ಮಿಠಾಯಿ ಹಿಡಿದು ಸ್ಟಾಫ್ ರೂಮಿಗೆ ಬರುತ್ತೀರಿ. "ಮುಂದೇನು?" ಎಂದರೆ "ಸೈನ್ಸ್, ಟೀಚರ್" ಎನ್ನುತ್ತೀರಿ. "ಯಾಕೆ?" ಎಂದರೆ ಸುಮ್ಮನಾಗುತ್ತೀರಿ. ಸ್ವಲ್ಪ ಹೊತ್ತಾದ ಮೇಲೆ "ಮಾಮೂ ಹೇಳಿದರು" ಎಂಬ ಉತ್ತರ ಬರುತ್ತದೆ. ನಿಮ್ಮನ್ನು ದೂರುತ್ತಿಲ್ಲ. ನಾನು ನನ್ನ ಕಾಲೇಜನ್ನು ಆರಿಸಿಕೊಂಡದ್ದು ಅದು ಬಸ್ ನಿಲ್ದಾಣಕ್ಕೆ ಹತ್ತಿರವಿತ್ತು ಎಂಬ ಒಂದೇ ಕಾರಣಕ್ಕೆ. ಯಾರೂ ನನ್ನನ್ನು ಏಕೆಂದು ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಈ ಪ್ರಶ್ನೆಯನ್ನು ನನಗೆ ಕಲಿಸಿದವಳು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ. ಈಗ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಒಂದು ಸಂಜೆ ನಾಲ್ಕು ಹಾಳೆ ಹಿಡಿದು ಮನೆಗೆ ಬಂದಳು. ಅಮೆರಿಕದ ಕೆಂಟಕಿ ರಾಜ್ಯದಲ್ಲಿರುವ ಬೆರಿಯಾ ಕಾಲೇಜಿಗೆ ಅರ್ಜಿ ಹಾಕಬೇಕು, ಅಲ್ಲಿಗೇ ಏಕೆ ಸೇರಬೇಕೆಂದು ಬರೆದಿದ್ದೇನೆ, ತಿದ್ದಿಕೊಡಿ ಎಂದಳು. ಓದಿದೆ. "ಜಗತ್ಪ್ರಸಿದ್ಧ ಸಂಸ್ಥೆ", "ಉಜ್ವಲ ಭವಿಷ್ಯ", ಕೊನೆಗೆ "ಶುಲ್ಕವಿಲ್ಲ". ಹೆಸರು ಬದಲಿಸಿದರೆ ಅದೇ ಪ್ರಬಂಧವನ್ನು ಯಾವ ಕಾಲೇಜಿಗೂ ಕಳಿಸಬಹುದಿತ್ತು. "ಮೊದಲು ಆ ಕಾಲೇಜಿನ ಕಥೆ ತಿಳಿದುಕೊಂಡು ಬಾ" ಎಂದೆ. ಜೊತೆಗೆ ನಾನೂ ಓದಿದೆ.

ಅದು ಲಿಬರಲ್ ಆರ್ಟ್ಸ್ ಕಾಲೇಜು. ನಮ್ಮಲ್ಲಿ ಹದಿನಾರನೆಯ ವಯಸ್ಸಿಗೇ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂದು ಮೂರು ಬಾಗಿಲು ತೋರಿಸಿ, ಒಂದರೊಳಗೆ ಹೋದ ಮೇಲೆ ಉಳಿದೆರಡನ್ನು ಮುಚ್ಚಿಬಿಡುತ್ತೇವೆ. ಅಂಥ ಕಾಲೇಜಿನಲ್ಲಿ ಹಾಗಿಲ್ಲ. ರಸಾಯನಶಾಸ್ತ್ರ ಓದುವವನೂ ಇತಿಹಾಸ, ಸಾಹಿತ್ಯ ಓದಬೇಕು. ಚೆನ್ನಾಗಿ ಬರೆಯಲು ಕಲಿಯಬೇಕು. ಒಂದು ವಿಷಯವನ್ನು ಆಳವಾಗಿ, ಉಳಿದವನ್ನು ತಿಳುವಳಿಕೆಗಾಗಿ ಓದುವ ಪದ್ಧತಿ ಅದು.

ಬೆರಿಯಾದ ಕಥೆ 1855ರಲ್ಲಿ ಒಂದೇ ಕೋಣೆಯ ಶಾಲೆಯಿಂದ ಆರಂಭವಾಗುತ್ತದೆ. ಜಾನ್ ಫೀ ಎಂಬ ಕ್ರೈಸ್ತ ಧರ್ಮಬೋಧಕರು ಅದನ್ನು ಕಟ್ಟಿದರು. ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ ರಾಜ್ಯದಲ್ಲಿ ಅವರು ಗುಲಾಮಗಿರಿಯನ್ನು ವಿರೋಧಿಸಿದರು. 1859ರಲ್ಲಿ ಅವರ ಸಂಗಡಿಗರನ್ನು ಊರು ಬಿಡಿಸಿ ಓಡಿಸಲಾಯಿತು. ಅಂತರ್ಯುದ್ಧದ ನಂತರ ಅವರು ಮರಳಿ ಬಂದು ಕರಿಯರು, ಬಿಳಿಯರು, ಗಂಡು, ಹೆಣ್ಣು ಎಲ್ಲರನ್ನೂ ಒಂದೇ ತರಗತಿಯಲ್ಲಿ ಕೂರಿಸಿದರು. ಹಲವು ವರ್ಷಗಳ ಕಾಲ ಅಲ್ಲಿನ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಜನ ಕರಿಯರೇ ಆಗಿದ್ದರು.

1904ರಲ್ಲಿ ಆ ರಾಜ್ಯ ಸರಕಾರ ಕರಿಯರು ಬಿಳಿಯರು ಒಟ್ಟಿಗೆ ಓದಬಾರದೆಂದು ಕಾನೂನು ತಂದಿತು. ಕಾಲೇಜು ಸುಪ್ರೀಂ ಕೋರ್ಟಿನವರೆಗೂ ಹೋಗಿ 1908ರಲ್ಲಿ ಸೋತಿತು. 1950ರಲ್ಲಿ ಆ ಕಾನೂನನ್ನು ತಿದ್ದುವವರೆಗೆ ಕರಿಯ ವಿದ್ಯಾರ್ಥಿಗಳಿಗೆ ಅಲ್ಲಿ ಜಾಗವಿರಲಿಲ್ಲ. ಕಾರ್ಟರ್ ವುಡ್ಸನ್ ಎಂಬವರು ಗುಲಾಮರಾಗಿದ್ದ ತಂದೆತಾಯಿಯ ಮಗ. ಕಲ್ಲಿದ್ದಲು ಗಣಿಯಲ್ಲಿ ದುಡಿದು, ಇಪ್ಪತ್ತರ ಹರೆಯದಲ್ಲಿ ಹೈಸ್ಕೂಲು ಸೇರಿದವರು. 1903ರಲ್ಲಿ ಬೆರಿಯಾದಲ್ಲಿ ಪದವಿ ಪಡೆದರು. ಒಂದೆರಡು ವರ್ಷ ತಡವಾಗಿದ್ದರೆ ಆ ಬಾಗಿಲು ಮುಚ್ಚಿರುತ್ತಿತ್ತು. ಅವರೇ 1912ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದು, ಮುಂದೆ ಕರಿಯರ ಇತಿಹಾಸದ ಅಧ್ಯಯನಕ್ಕೆ ಬುನಾದಿ ಹಾಕಿದರು.

ಇನ್ನು ಶುಲ್ಕದ ಮಾತು. 1892ರಿಂದ ಅಲ್ಲಿ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಆದರೆ ಪುಕ್ಕಟೆ ಎಂದು ತಿಳಿಯಬೇಡಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ದುಡಿಯಲೇಬೇಕು. ಗ್ರಂಥಾಲಯ, ತೋಟ, ಕಾಲೇಜಿನದೇ ಆದ ಹೋಟೆಲು, ಮಗ್ಗ, ಕಸಪೊರಕೆ ಕಟ್ಟುವ ಕೈಗಾರಿಕೆ ಹೀಗೆ ಎಲ್ಲಾದರೂ ಸರಿ. ಅದಕ್ಕೆ ಕೂಲಿಯೂ ಉಂಟು. ಅಲ್ಲಿ ಕೈಕೆಲಸವೂ ಶಿಕ್ಷಣದ ಭಾಗ.

ಇದನ್ನು ಓದಿದಾಗ ನಾನು ಆ ಹುಡುಗಿಯ ಬೆರಳುಗಳನ್ನು ನೋಡಿದೆ. ಅವಳ ಅಮ್ಮಿ ಸೀರೆಗೆ ಕುಚ್ಚು ಕಟ್ಟುತ್ತಾರೆ. ಏಳನೆಯ ತರಗತಿಯಿಂದ ಇವಳೂ ರಾತ್ರಿ ಹತ್ತರವರೆಗೆ ಕಟ್ಟುತ್ತಾಳೆ. ಪಿಯುಸಿ ಶುಲ್ಕ ಕಟ್ಟಿದ್ದು ಆ ಕುಚ್ಚಿನ ದುಡ್ಡೇ. ನಾಲ್ಕು ಹಾಳೆಯಲ್ಲಿ ಅದರ ಬಗ್ಗೆ ಒಂದು ಮಾತೂ ಇರಲಿಲ್ಲ. "ಯಾಕಮ್ಮ ಬರೆಯಲಿಲ್ಲ?" ಎಂದೆ. ತಲೆ ತಗ್ಗಿಸಿ, "ನಾಚಿಕೆ ಆಯಿತು ಟೀಚರ್" ಎಂದಳು.

ಆ ಮಾತು ನನ್ನನ್ನು ಚುಚ್ಚಿತು. ಮೂರು ವರ್ಷ ಅವಳಿಗೆ ಪಾಠ ಹೇಳಿದವಳು ನಾನು. ತರಗತಿಯಲ್ಲಿ ತೂಕಡಿಸಿದಾಗ ಎದ್ದು ನಿಲ್ಲಿಸಿದ್ದೇನೆ. ರಾತ್ರಿ ಏನು ಮಾಡುತ್ತೀಯಾ ಎಂದು ಕೇಳಿರಲಿಲ್ಲ. ದುಡಿಮೆಗೆ ನಾಚಬೇಕೆಂದು ಅವಳಿಗೆ ಕಲಿಸಿದವರಲ್ಲಿ ನಾನೂ ಒಬ್ಬಳು.

ಎರಡನೆಯ ಸಲ ಬರೆದಾಗ ಒಂದೂವರೆ ಹಾಳೆಯಷ್ಟೇ ಆಯಿತು. ಕುಚ್ಚಿನ ಲೆಕ್ಕ, ಅಮ್ಮಿಯ ಕಣ್ಣು ಮಂಜಾಗುತ್ತಿರುವುದು, ಅಂಗಡಿಯವನು ಕೊಡುವ ಕೂಲಿಗೂ ಗಿರಾಕಿಯಿಂದ ಪಡೆಯುವ ಹಣಕ್ಕೂ ಇರುವ ಅಂತರ. ಅದಕ್ಕಾಗಿ ಅರ್ಥಶಾಸ್ತ್ರ ಓದಬೇಕು, ಆದರೆ ಮಗ್ಗದ ಪಕ್ಕದಲ್ಲೇ ಕುಳಿತು ಓದುವ ಜಾಗ ಬೇಕು ಎಂದು ಬರೆದಿದ್ದಳು. ನಾನು ಕಾಗುಣಿತವನ್ನಷ್ಟೇ ತಿದ್ದಿದೆ. ಬಳಿಕ ಅದನ್ನು ಅವಳೇ ಇಂಗ್ಲಿಷಿಗೆ ತಂದಳು.

ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ. ವಿದೇಶಗಳಿಂದ ಅವರು ತೆಗೆದುಕೊಳ್ಳುವವರು ಕೆಲವರೇ. ಸಿಗದೆಯೂ ಹೋಗಬಹುದು. ಹೆಣ್ಣುಮಗಳನ್ನು ಅಷ್ಟು ದೂರ ಹೇಗೆ ಕಳಿಸುವುದೆಂದು ಅವಳ ಅಬ್ಬಾ ಇನ್ನೂ ಯೋಚಿಸುತ್ತಿದ್ದಾರೆ. ಅವರ ಚಿಂತೆಯೂ ಸುಳ್ಳಲ್ಲ. ಆದರೆ ಆ ಒಂದೂವರೆ ಹಾಳೆಯನ್ನು ಮಗಳು ಓದಿ ಹೇಳಿದಾಗ ಅವರು ಎರಡು ಸಲ ಓದಿಸಿಕೊಂಡರಂತೆ. ನಮ್ಮ ಜಿಲ್ಲೆಯ ಕಾಲೇಜಿಗೇ ಸೇರಿದರೂ ಅವಳು ಯಾಕೆ ಓದುತ್ತಿದ್ದೇನೆಂದು ತಿಳಿದೇ ಸೇರುತ್ತಾಳೆ.

ಪ್ರಿಯ ವಿದ್ಯಾರ್ಥಿಗಳೇ, ಈ ವರ್ಷ ಅರ್ಜಿ ತುಂಬುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಈ ಕಾಲೇಜೇ ಏಕೆ, ಈ ವಿಷಯವೇ ಏಕೆ ಎಂದು ಬರೆಯಿರಿ. ಕಾಲೇಜಿನ ಹೆಸರು ಬದಲಿಸಿದರೂ ಅದು ಹೊಂದುವಂತಿದ್ದರೆ ಹರಿದು ಮತ್ತೆ ಬರೆಯಿರಿ. ನಿಮ್ಮ ಮನೆಯ ದುಡಿಮೆಯನ್ನು ಬಚ್ಚಿಡಬೇಡಿ. ಪೋಷಕರೇ, ಮಗು ಬರೆದದ್ದನ್ನು ಒಮ್ಮೆ ಓದಿಸಿ ಕೇಳಿ. ಶಿಕ್ಷಕ ಬಂಧುಗಳೇ, ತೂಕಡಿಸುವ ಮಗುವನ್ನು ಎದ್ದು ನಿಲ್ಲಿಸುವ ಮೊದಲು ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ ಎಂದು ಕೇಳೋಣ.