ತಾಳ್ಮೆ: ಹೊರುವುದೂ ಹೊಣೆಯಾಗುವುದೂ

(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಧ್ಯಾನಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ತಾಳ್ಮೆಯನ್ನು ಕುರಿತು ಮಾತನಾಡಬೇಕೆಂದು ನೀವು ನಮ್ಮನ್ನು ಕೇಳಿಕೊಂಡಿರಿ. ಒಪ್ಪಿಕೊಂಡ ಮೇಲೆ ಸ್ವಲ್ಪ ಸಂಕೋಚವಾಯಿತು. ಸುಮಾರು ಕ್ರಿ.ಶ. 200ರಲ್ಲಿ ಆಫ್ರಿಕದ ಕಾರ್ಥೇಜ್ ನಗರದ ತೆರ್ತುಲಿಯನರು ಇದೇ ವಿಷಯವನ್ನು ಕುರಿತು ಒಂದು ಕಿರುಗ್ರಂಥವನ್ನು ರಚಿಸಿದರು. ತಮ್ಮಲ್ಲಿಯೇ ಇಲ್ಲದ ಸದ್ಗುಣವನ್ನು ಕುರಿತು ಬರೆಯಲು ಹೊರಟಿರುವುದಾಗಿಯೂ, ರೋಗಿಯು ಆರೋಗ್ಯವನ್ನು ಹೊಗಳುವಂತೆ ತಾವು ತಾಳ್ಮೆಯನ್ನು ಹೊಗಳುತ್ತಿರುವುದಾಗಿಯೂ ಅವರು ಆರಂಭದಲ್ಲೇ ಒಪ್ಪಿಕೊಳ್ಳುತ್ತಾರೆ. ಗುರುಮಠದಲ್ಲಿ ಇದನ್ನು ಓದಿದಾಗ ನಾವು ನಕ್ಕಿದ್ದೆವು. ಇಂದು, ಅರವತ್ತು ದಾಟಿದ ಮೇಲೆ, ಆ ನಗು ನಮ್ಮಲ್ಲಿ ಉಳಿದಿಲ್ಲ. ನಾವೂ ಆ ರೋಗಿಯ ಸ್ಥಾನದಲ್ಲಿ ನಿಂತೇ ಮಾತನಾಡುತ್ತಿದ್ದೇವೆ.

ಮೊದಲು ಪದವನ್ನೇ ವಿಚಾರಿಸೋಣ. ಲತೀನ್ ಭಾಷೆಯಲ್ಲಿ ತಾಳ್ಮೆಗೆ 'ಪಾಟಿಯೆನ್ಷಿಯ' ಎಂಬ ಹೆಸರು. ಯಾತನೆಯನ್ನು ಅನುಭವಿಸುವುದು ಅದರ ಮೂಲಾರ್ಥ. ನಮ್ಮ ಕನ್ನಡದ 'ತಾಳು' ಎಂಬ ಧಾತುವಿನಲ್ಲಿ ಇನ್ನೂ ಹೆಚ್ಚಿನ ಅರ್ಥವಿದೆ. ನೋವನ್ನು ತಾಳುವುದುಂಟು, ಕ್ಷಣಕಾಲ ತಾಳು ಎಂದು ನಿಲ್ಲಿಸುವುದುಂಟು, ಧೈರ್ಯವನ್ನು ತಾಳುವುದುಂಟು, ಜನ್ಮ ತಾಳುವುದೂ ರೂಪ ತಾಳುವುದೂ ಉಂಟು. ದೇವಸುತರು ಮನುಷ್ಯರೂಪವನ್ನು ತಾಳಿದರು ಎಂದು ನಾವು ವಿಶ್ವಾಸದಿಂದ ಹೇಳುವಾಗಲೂ ಅದೇ ಪದವನ್ನು ಬಳಸುತ್ತೇವೆ. ಹೀಗಾಗಿ ತಾಳ್ಮೆಯೆಂದರೆ ಸುಮ್ಮನೆ ಸಹಿಸಿಕೊಳ್ಳುವುದಷ್ಟೇ ಅಲ್ಲ. ಇನ್ನೊಬ್ಬರ ಸ್ಥಿತಿಯನ್ನು ನಮ್ಮ ಮೇಲೆ ತೆಗೆದುಕೊಳ್ಳುವುದು. ಬೆತ್ಲೆಹೇಮಿನಲ್ಲಿ ಜನ್ಮ ತಾಳಿದವರು ಕಲ್ವಾರಿಯಲ್ಲಿ ನೋವು ತಾಳಿದರು. ಎರಡೂ ಒಂದೇ ಪ್ರೀತಿಯ ಕಾರ್ಯ.

ಈ ತಾಳ್ಮೆಗೆ ಸಾಕ್ಷಿಯನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ದಂಡುಪ್ರದೇಶದ ಚರಿತ್ರೆಯೇ ಅದಕ್ಕೆ ಸಾಕ್ಷಿ. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಮೇಲೆ ಮೈಸೂರು ಸೀಮೆಯ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಪ್ಯಾರಿಸ್ ಮಿಷನ್ನಿನ ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಗುರುಗಳು ಬಂದರು. ಅವರು ಈ ನಾಡಿನ ಉಡುಪನ್ನು ಧರಿಸಿ, ಈ ನಾಡಿನ ಆಹಾರವನ್ನು ಉಂಡು ಬಾಳಿದರು. ಜನರು ಅವರನ್ನು ದೊಡ್ಡಸ್ವಾಮಿಯವರು ಎಂದು ಗೌರವಿಸಿದರು. ಸಿಡುಬಿನ ಲಸಿಕೆ ಆಗ ಈ ದೇಶಕ್ಕೆ ಹೊಸದು. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆ ಪಕ್ವವಾಗಲು ಸುಮಾರು ಎಂಟು ದಿನ ಕಾದು, ಅದರ ರಸವನ್ನು ಮತ್ತೊಬ್ಬರ ತೋಳಿಗೆ ಹಾಕುತ್ತಿದ್ದ ಕಾಲವದು. ಜನರು ಅಂಜುತ್ತಿದ್ದರು. ಅಂತಹ ಕಾಲದಲ್ಲಿ ಅವರು ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು.

ಆದರೂ 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದಾಗ ಅವರ ಹೃದಯದಲ್ಲಿ ನಿರಾಶೆಯಿತ್ತು. ಸುವಾರ್ತೆಯ ಬಿತ್ತನೆ ಈ ನೆಲದಲ್ಲಿ ಫಲಿಸದೆಂಬ ಅಭಿಪ್ರಾಯವನ್ನು ಅದೇ ವರ್ಷ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರು ಮುಚ್ಚುಮರೆಯಿಲ್ಲದೆ ಬರೆದರು. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಶಿವಾಜಿನಗರದಲ್ಲಿ, ಆಗಿನ ಬ್ಲಾಕ್‌ಪಳ್ಳಿಯಲ್ಲಿ, ಭಕ್ತಾದಿಗಳು ಕೂಡುತ್ತಿದ್ದ ಸಣ್ಣ ಪ್ರಾರ್ಥನಾಮಂದಿರದ ಆರಂಭದೊಂದಿಗೆ ಅವರ ಹೆಸರು ಸೇರಿದೆ. ಅಲ್ಲಿಯೇ ಗುರು ಕ್ಲೈನರ್‌ರವರು 1875ರಲ್ಲಿ ಈಗಿನ ಎತ್ತರದ ಗೋಪುರದ ದೇವಾಲಯವನ್ನು ಕಟ್ಟಲು ಆರಂಭಿಸಿದರು. 1882ರ ಸೆಪ್ಟೆಂಬರ್ 8ರಂದು, ಮಾತೆಯ ಜನನೋತ್ಸವದ ದಿನ, ಅದು ಅಭಿಷಿಕ್ತವಾಯಿತು. 1973ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಅದನ್ನು ಬೆಸಿಲಿಕದ ಪದವಿಗೆ ಏರಿಸಿದರು. ಇಂದು ಆಗಸ್ಟ್ 29ರಂದು ಧ್ವಜ ಏರಿದ ಕ್ಷಣದಿಂದ ಕಾವಿಯುಟ್ಟ ಭಕ್ತರು ಆ ಬೀದಿಗಳಲ್ಲಿ ನೆರೆಯುವುದನ್ನು, ಎಲ್ಲ ಮತಗಳ ಜನರೂ ತೇರಿಗೆ ಕಾದು ನಿಲ್ಲುವುದನ್ನು ನೀವೆಲ್ಲರೂ ಕಂಡಿದ್ದೀರಿ. ದೊಡ್ಡಸ್ವಾಮಿಯವರು ಮಾತ್ರ ಅದನ್ನು ಕಾಣಲಿಲ್ಲ. ಬಿತ್ತಿದವನು ಒಬ್ಬ, ಕೊಯ್ದವನು ಮತ್ತೊಬ್ಬ ಎಂದು ಪ್ರಭುವು ಸಮಾರ್ಯದ ಬಾವಿಯ ಬಳಿ ಶಿಷ್ಯರಿಗೆ ತಿಳಿಸಿದ್ದು ಇದನ್ನೇ ಅಲ್ಲವೇ? ತಾಳ್ಮೆಯ ಮೊದಲ ಪಾಠ ಇಲ್ಲಿದೆ: ಫಲದ ಲೆಕ್ಕವನ್ನು ದೇವರ ಕೈಯಲ್ಲಿಡುವುದು.

ನಮ್ಮ ಪ್ರಧಾನಾಲಯವನ್ನೇ ನೋಡಿರಿ. ಸಂತ ಫ್ರಾನ್ಸಿಸ್ ಝೇವಿಯರ್‌ರವರ ಆ ಕಲ್ಲಿನ ದೇವಾಲಯದ ಕೆಲಸ 1911ರಲ್ಲಿ ತೊಡಗಿ, ನಡುವೆ ಮೊದಲನೆಯ ಮಹಾಯುದ್ಧವನ್ನು ದಾಟಿ, 1932ರಲ್ಲಿ ಅಭಿಷೇಕದ ಹಂತಕ್ಕೆ ಬಂದಿತು. ಅಡಿಪಾಯದ ಕಲ್ಲು ಹೊತ್ತವರಲ್ಲಿ ಎಷ್ಟು ಮಂದಿ ಅಲ್ಲಿಯ ಮೊದಲ ಬಲಿಪೂಜೆಯನ್ನು ಕಂಡರೋ ದೇವರೇ ಬಲ್ಲರು. ನಮ್ಮ ಈ ಧರ್ಮಕೇಂದ್ರದ ನೂರು ವರ್ಷಗಳೂ ಅಂತಹ ಹೆಸರಿಲ್ಲದ ಕೈಗಳಿಂದಲೇ ಬಂದಿವೆ.

ಆದರೆ ತಾಳ್ಮೆ ಸೋಮಾರಿತನವಲ್ಲ. ಲೂಕರ ಶುಭಸಂದೇಶದ ಅಂಜೂರದ ಗಿಡದ ಸಾಮತಿಯನ್ನು ನೆನೆಯಿರಿ. ಮೂರು ವರ್ಷ ಫಲವಿಲ್ಲದ ಗಿಡವನ್ನು ಕಡಿಯಬೇಕೆಂದು ಒಡೆಯನು ಹೇಳಿದಾಗ, ತೋಟಗಾರನು ಇನ್ನೊಂದು ವರ್ಷ ಬಿಡಿರೆಂದು ಬೇಡಿಕೊಳ್ಳುತ್ತಾನೆ. ಅಷ್ಟಕ್ಕೇ ನಿಲ್ಲಿಸದೆ, ಸುತ್ತ ಅಗೆದು ಗೊಬ್ಬರ ಹಾಕುವೆನೆಂದೂ ಹೇಳುತ್ತಾನೆ. ಸಂತ ಯಕೋಬರು ಮುಂಗಾರು ಹಿಂಗಾರುಗಳಿಗೆ ಕಾಯುವ ರೈತನನ್ನು ನಮಗೆ ಆದರ್ಶವಾಗಿ ತೋರಿಸುತ್ತಾರೆ. ಕೆ.ಆರ್. ಪುರದ ಕಡೆ ರಾಗಿಯ ಹೊಲಗಳಿದ್ದ ಕಾಲವನ್ನು ಬಲ್ಲ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಮಳೆಗೆ ಕಾಯುವ ರೈತನು ಮಲಗಿರುವುದಿಲ್ಲ, ಉತ್ತು ಹದಮಾಡಿ ಕಾಯುತ್ತಾನೆ ಎಂಬುದು ಅವರಿಗೆ ಗೊತ್ತು.

ಇಲ್ಲಿ ನಾವು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡಬೇಕಾಗಿದೆ. ಬಹುಕಾಲ ಇದನ್ನು ಯಾರಿಗೂ ಹೇಳಿರಲಿಲ್ಲ. ನಾವು ಗುರುದೀಕ್ಷೆ ಪಡೆದ ಮೊದಲ ವರ್ಷಗಳಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿ, ಒಬ್ಬ ತಾಯಿ ನಮ್ಮಲ್ಲಿಗೆ ಬಂದಳು. ಪಾಪನಿವೇದನೆಯ ಪೀಠಕ್ಕಲ್ಲ, ಗುರುನಿವಾಸದ ಜಗುಲಿಗೆ. ಪತಿಯು ಕುಡಿದು ಹೊಡೆಯುತ್ತಾನೆಂದಳು; ಸೆರಗು ಸರಿಸಿ ತೋಳಿನ ಕಲೆಯನ್ನು ತೋರಿಸಿದಳು. ನಾವು ಯೌವನದ ಉತ್ಸಾಹದಲ್ಲಿ ಶಿಲುಬೆಯ ಮಹಿಮೆಯನ್ನು ವಿವರಿಸಿ, 'ತಾಳಿಕೋ ಅಮ್ಮ, ತಾಳಿದವನು ಬಾಳಿಯಾನು' ಎಂದು ಹರಸಿ ಕಳುಹಿಸಿದೆವು. ಅವಳು ಇನ್ನೂ ಎರಡು ಸಲ ಬಂದಳು. ನಾವು ಅದೇ ಮಾತನ್ನು ಹೇಳಿದೆವು. ನಾಲ್ಕನೆಯ ಸಲ ಅವಳ ಮಗ ಬಂದನು, ತಾಯಿ ಆಸ್ಪತ್ರೆಯಲ್ಲಿದ್ದಾಳೆಂದನು.

ದೇವರ ದಯೆಯಿಂದ ಅವಳು ಉಳಿದಳು. ನಾವು ಹಾಸಿಗೆಯ ಬಳಿ ನಿಂತಾಗ ಅವಳು ಕೋಪವಿಲ್ಲದೆ ಒಂದೇ ಮಾತು ಕೇಳಿದಳು: 'ಸ್ವಾಮಿ, ನನಗೆ ತಾಳ್ಮೆ ಹೇಳಿದಿರಿ. ಅವರಿಗೆ ಏನು ಹೇಳಿದಿರಿ?'

ನಾವು ಅವನಿಗೆ ಏನನ್ನೂ ಹೇಳಿರಲಿಲ್ಲ. ಅವನ ಮನೆಯ ಹೊಸ್ತಿಲನ್ನೇ ತುಳಿದಿರಲಿಲ್ಲ. ಅವಳಿಗೆ ಉಪದೇಶಿಸುವುದು ಸುಲಭವಾಗಿತ್ತು, ಅವನನ್ನು ಎದುರಿಸುವುದು ಕಷ್ಟವಾಗಿತ್ತು. ನಮ್ಮ ಅಂಜಿಕೆಗೆ ನಾವು ತಾಳ್ಮೆಯೆಂಬ ಪವಿತ್ರ ಹೆಸರನ್ನು ಕೊಟ್ಟಿದ್ದೆವು.

ಪ್ರಧಾನಯಾಜಕರ ಮುಂದೆ ಕಾವಲುಗಾರನು ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ ತಿರುಗಿ ಹೊಡೆಯಲಿಲ್ಲ, ನಿಜ. ಆದರೆ ಮೌನವಾಗಿಯೂ ಉಳಿಯಲಿಲ್ಲ. ತಪ್ಪು ಹೇಳಿದ್ದರೆ ತೋರಿಸು, ಇಲ್ಲವಾದರೆ ನನ್ನನ್ನೇಕೆ ಹೊಡೆದೆ ಎಂದು ಕೇಳಿದರು ಎಂಬುದನ್ನು ಸಂತ ಯೊವಾನ್ನರು ದಾಖಲಿಸಿದ್ದಾರೆ. ದ್ವೇಷವಿಲ್ಲದೆ ಅನ್ಯಾಯವನ್ನು ಅನ್ಯಾಯವೆಂದು ಹೇಳುವುದೂ ತಾಳ್ಮೆಯ ಭಾಗವೇ. ಆದುದರಿಂದ ಈ ಸಭೆಯಲ್ಲಿ ಸ್ಪಷ್ಟವಾಗಿ ಹೇಳುತ್ತೇವೆ: ಮನೆಯಲ್ಲಿ ಹೊಡೆತ ತಿನ್ನುವ ಯಾವ ಸಹೋದರಿಯೂ ಅದನ್ನು ದೇವರ ಚಿತ್ತವೆಂದು ಭಾವಿಸಬೇಕಾಗಿಲ್ಲ. ನಮ್ಮ ಬಾಗಿಲು ತೆರೆದಿದೆ. ಬಂದವರಿಗೆ ಮೊದಲು ಆಶ್ರಯ ದೊರೆಯುವುದು, ಉಪದೇಶವಲ್ಲ. ಕಾನೂನಿನ ನೆರವು ಬೇಕಾದರೆ ನಾವೇ ಜೊತೆಯಲ್ಲಿ ಬರುವೆವು. ತಾಳ್ಮೆಯನ್ನು ಬಲಹೀನರಿಗೆ ಮಾತ್ರ ಬೋಧಿಸುವವನು ಇನ್ನೂ ತಾಳ್ಮೆಯನ್ನು ಅರಿತಿಲ್ಲ. ಇದನ್ನು ನಾವು ಗುರುಮಠದಲ್ಲಿ ಕಲಿಯಲಿಲ್ಲ. ಆ ತಾಯಿಯ ಹಾಸಿಗೆಯ ಪಕ್ಕದಲ್ಲಿ ಕಲಿತೆವು.

ಇನ್ನು ನಮ್ಮ ಧರ್ಮಕೇಂದ್ರದ ಒಳಗಿನ ವಿಷಯ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್‌ನಲ್ಲಿ ಪೂಜಾವಿಧಿಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಲತೀನ್ ಯಾರ ಮನೆಮಾತೂ ಆಗಿರದ ಕಾರಣ ಯಾರಿಗೂ ಅಸೂಯೆ ಇರಲಿಲ್ಲ. ದಂಡಿನೊಡನೆ ಹಲವು ಸೀಮೆಗಳಿಂದ ಬಂದು ನೆಲೆಸಿದವರೂ, ಇದೇ ನೆಲದ ಮಕ್ಕಳೂ, ಕೆಲಸಕ್ಕಾಗಿ ಅನಂತರ ಬಂದವರೂ ಸೇರಿರುವ ಈ ಭಾಗದಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ, ಮಲಯಾಳ ಎಲ್ಲವೂ ಕೇಳಿಬರುತ್ತವೆ. ವರವಾಗಿ ಬಂದದ್ದನ್ನು ನಾವು ವ್ಯಾಜ್ಯದ ವಸ್ತುವಾಗಿ ಮಾಡಿಕೊಂಡ ಸಂದರ್ಭಗಳೂ ಈ ನಗರದಲ್ಲಿವೆ. ಹಬ್ಬದ ಮೆರವಣಿಗೆಯಲ್ಲಿ ಯಾವ ಭಾಷೆಯ ಕೀರ್ತನೆ ಮೊದಲು ಎಂಬ ಪ್ರಶ್ನೆಗೆ ಕಳೆದ ತಿಂಗಳು ನಮ್ಮ ಸಭೆಯಲ್ಲಿ ಧ್ವನಿಗಳು ಏರಿದುದು ನಿಮಗೆ ನೆನಪಿದೆ. ನಮ್ಮ ಧ್ವನಿಯೂ ಏರಿತ್ತು. ಅದಕ್ಕಾಗಿ ಇಲ್ಲಿಯೇ ಕ್ಷಮೆ ಬೇಡುತ್ತೇವೆ. ಕನ್ನಡವು ನಮ್ಮ ತಾಯ್ನುಡಿ. ಈ ನಾಡಿನ ನುಡಿಗೆ ಈ ನಾಡಿನ ದೇವಾಲಯದಲ್ಲಿ ಗೌರವದ ಸ್ಥಾನವಿರಬೇಕೆಂಬುದು ನ್ಯಾಯ. ಆದರೆ ನ್ಯಾಯವನ್ನು ಪ್ರೀತಿಯಿಲ್ಲದೆ ಕೇಳಿದರೆ ಅದು ಪೀಠದ ಮೇಲಿನ ಬಲಿಯನ್ನೇ ಒಡೆಯುತ್ತದೆ. ತಲೆಮಾರುಗಳಿಂದ ಇಲ್ಲಿ ಜಪಸರ ಹಿಡಿದ ಅಜ್ಜಿಯ ತಮಿಳು ಪ್ರಾರ್ಥನೆಯೂ ಅದೇ ಮಾತೆಯ ಕಿವಿಗೆ ತಲಪುತ್ತದೆ.

ಹೇಗೆ ಅಭ್ಯಾಸ ಮಾಡುವುದು? ಮೂರು ಸಣ್ಣ ಸಲಹೆಗಳನ್ನು ಮಾತ್ರ ಕೊಡುತ್ತೇವೆ.

ಮೊದಲನೆಯದು: ಭಾನುವಾರ ನಿಮ್ಮ ಭಾಷೆಯ ಬಲಿಪೂಜೆಗೆ ಹದಿನೈದು ನಿಮಿಷ ಮೊದಲೇ ಬನ್ನಿರಿ. ಹಿಂದಿನ ಪೂಜೆ ಮುಗಿಯದಿದ್ದರೆ ಬಾಗಿಲಲ್ಲಿ ನಿಂತು ಗಡಿಯಾರ ನೋಡಬೇಡಿ. ಒಳಗೆ ಬಂದು ಮೊಣಕಾಲೂರಿ, ಅರ್ಥವಾಗದ ಭಾಷೆಯಲ್ಲಿ ಪ್ರಾರ್ಥಿಸುತ್ತಿರುವವರಿಗಾಗಿ ಒಂದು ಪ್ರಣಾಮವನ್ನು ಸಲ್ಲಿಸಿರಿ.

ಎರಡನೆಯದು: ಕೋಪ ಬಂದಾಗ ಮಾತಿಗಿಂತ ಮೊದಲು ಒಂದು ಪರಲೋಕಮಂತ್ರವನ್ನು ಮನಸ್ಸಿನಲ್ಲಿ ಪೂರ್ತಿ ಹೇಳಿರಿ. 2023ರಲ್ಲಿ ಮೆಟ್ರೋ ರೈಲು ಕೆ.ಆರ್. ಪುರವನ್ನು ಮುಟ್ಟಿದರೂ ಅಲ್ಲಿಯ ತೂಗುಸೇತುವೆಯ ಬಳಿ ವಾಹನಗಳು ನಿಲ್ಲುವುದು ತಪ್ಪಿಲ್ಲ. ಸಂಜೆ ಅಲ್ಲಿ ಸಿಲುಕಿದವರು ಜಪಸರದ ಐದು ರಹಸ್ಯಗಳನ್ನೇ ಮುಗಿಸಬಹುದು. ಇದು ನಗೆಮಾತಲ್ಲ, ಬೀದಿಯಲ್ಲಿ ಗಳಿಸಿದ ತಾಳ್ಮೆಯೇ ಮನೆಯ ಬಾಗಿಲನ್ನು ತೆರೆದಾಗ ಮಕ್ಕಳಿಗೆ ದೊರೆಯುವ ಮುಖಭಾವ.

ಮೂರನೆಯದು: ದಾರಿ ತಪ್ಪಿದ ಮಕ್ಕಳ ವಿಷಯದಲ್ಲಿ ಸಂತ ಮೋನಿಕಾರವರನ್ನು ಮರೆಯಬೇಡಿ. ಅವರು ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದರು. ಮಗನನ್ನು ಹಿಂಬಾಲಿಸಿ ಸಮುದ್ರವನ್ನೂ ದಾಟಿದರು. 387ರಲ್ಲಿ ಮಿಲಾನ್ ನಗರದಲ್ಲಿ ಅಗಸ್ತೀನರು ಸಂತ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಆ ತಾಯಿ ಕಣ್ಣು ಮುಚ್ಚಿದರು. ಪ್ರಾರ್ಥನೆಯೂ ಪಯಣವೂ ಕೂಡಿದ್ದ ತಾಳ್ಮೆ ಅವರದು.

ಪ್ರಿಯರೇ, ದೇವರು ನಮ್ಮ ವಿಷಯದಲ್ಲಿ ಎಷ್ಟು ವರ್ಷಗಳಿಂದ ಕಾಯುತ್ತಿದ್ದಾರೆಂಬುದನ್ನು ಯೋಚಿಸಿದರೆ ನಾವು ಇತರರಿಗಾಗಿ ಕಾಯುವ ಗಳಿಗೆಗಳು ಬಹಳ ಚಿಕ್ಕವು. ಶತಮಾನೋತ್ಸವದ ದೀಪಗಳು ಆರುತ್ತವೆ, ತೋರಣ ಒಣಗುತ್ತದೆ. ಈ ನೂರು ವರ್ಷಗಳಿಂದ ನಮಗೆ ದೊರೆತ ಆಸ್ತಿ ಒಬ್ಬರನ್ನೊಬ್ಬರು ತಾಳಿಕೊಂಡು, ಒಬ್ಬರಿಗೊಬ್ಬರು ಹೊಣೆಯಾಗಿ ನಿಂತ ಹಿರಿಯರ ಬಾಳು. ಮುಂದಿನ ನೂರು ವರ್ಷಗಳವರು ನಮ್ಮನ್ನು ಕುರಿತೂ ಹಾಗೆ ಹೇಳುವಂತಾಗಲಿ.

ಶಿಲುಬೆಯ ಬುಡದಲ್ಲಿ ನಿಂತು ತಾಳಿದ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.