ಅಜ್ಜಿಯ ಪವನು: ತೂಕದ ಬೆಲೆಯೇ, ಅದಕ್ಕೂ ಹೆಚ್ಚೇ?

(ಸಂಘದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸಿನ ಮಾತು ಬಿಟ್ಟು ಇವನೇಕೆ ಚಿನ್ನದ ಮಾತು ತೆಗೆದ ಎಂದು ಕೆಲವರು ನಗಬಹುದು. ನಮ್ಮಂಥವರ ಬ್ಯಾಂಕು ಇರುವುದು ಹೆಂಗಸರ ಟ್ರಂಕಿನಲ್ಲಿ. 1982ರ ಗಿರಣಿ ಮುಷ್ಕರದಲ್ಲಿ ಈ ಮುಂಬಯಿಯ ಎಷ್ಟೋ ಮನೆಗಳ ಒಲೆ ಉರಿದದ್ದು ಒಡವೆ ಮಾರಿದ ಹಣದಿಂದ. ಕಷ್ಟ ಬಂದಾಗ ಅಜ್ಜಿ ಕೊಟ್ಟ ಪವನು ಮೊದಲು ಹೊರಡುತ್ತದೆ. ಸರಾಫ ತೂಗುತ್ತಾನೆ, ಕರಗಿಸುತ್ತಾನೆ. ಕರಗಿದ ಮೇಲೆ ಅದು ಯಾವ ವರುಷದ್ದಾಗಿತ್ತು ಎಂದು ಕೇಳಿ ಫಲವಿಲ್ಲ.

ಮೊದಲು ತೂಕದ ಲೆಕ್ಕ. ಊರಿನಲ್ಲಿ ಪವನು ಎಂದರೆ 8 ಗ್ರಾಂ ಎನ್ನುತ್ತೇವೆ. ಬ್ರಿಟಿಷ್ ಸವರನ್ ನಾಣ್ಯದ ತೂಕ 7.98 ಗ್ರಾಂ, ಚಿನ್ನ 22 ಕ್ಯಾರೆಟ್. ಅಂದರೆ ಅದರಲ್ಲಿರುವ ಅಪ್ಪಟ ಚಿನ್ನ 7.32 ಗ್ರಾಂ. ಆ ದಿನದ ಅಪ್ಪಟ ಚಿನ್ನದ ದರದಿಂದ ಇದನ್ನು ಗುಣಿಸಿ. ಅದಕ್ಕಿಂತ ಬಹಳ ಕೆಳಗೆ ಕೇಳುವವನ ಅಂಗಡಿಯ ಮೆಟ್ಟಿಲು ಇಳಿದುಬಿಡಿ.

ಇನ್ನು ಹೆಚ್ಚಿನ ಬೆಲೆ. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಟ್ರಂಕಿನ ಪವನುಗಳಲ್ಲಿ ಹೆಚ್ಚಿನವು ಬರೀ ಚಿನ್ನವೇ. ಆದರೂ ನೋಡದೆ ಕೊಡಬೇಡಿ. ಕುದುರೆ ಸವಾರನಿರುವ ಬದಿಯನ್ನು ತಿರುಗಿಸಿ. ಕೆಳಗೆ ಇಸವಿ ಇದೆ. ಐದನೆಯ ಜಾರ್ಜ್ ದೊರೆಯ ತಲೆಯಿರುವ ನಾಣ್ಯವಾದರೆ, ಇಸವಿಯ ಮೇಲೆ, ಕುದುರೆ ನಿಂತ ನೆಲದ ಗೆರೆಯಲ್ಲಿ, ಸಾಸಿವೆಯಷ್ಟು ಚಿಕ್ಕ ಇಂಗ್ಲಿಷ್ ಅಕ್ಷರವಿದೆಯೇ ಹುಡುಕಿ. ನಾಣ್ಯ ಅಚ್ಚಾದ ಟಂಕಸಾಲೆಯ ಗುರುತು ಅದು. 'ಎಸ್' ಇದ್ದರೆ ಸಿಡ್ನಿ, 'ಪಿ' ಇದ್ದರೆ ಪರ್ತ್. 'ಐ' ಇದ್ದರೆ ನಮ್ಮ ಮುಂಬಯಿಯದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ ಮಾತ್ರ, ಇಲ್ಲಿ ಸವರನ್ ಅಚ್ಚಾಯಿತು, ಸುಮಾರು 13 ಲಕ್ಷ. ಅದಕ್ಕೆ ಸಂಗ್ರಾಹಕರು ಸ್ವಲ್ಪ ಹೆಚ್ಚು ಕೊಡುತ್ತಾರೆ. ಅದೇ ವರುಷ ಇಲ್ಲಿಯೇ 15 ರೂಪಾಯಿಯ ಚಿನ್ನದ ನಾಣ್ಯವೂ ಅಚ್ಚಾಯಿತು. ತೂಕ ಅಷ್ಟೇ, ಚಿನ್ನ ಅಷ್ಟೇ. ತಕ್ಕಡಿಗೆ ಎರಡೂ ಒಂದೇ. ಸಂಗ್ರಾಹಕರಿಗೆ ಮಾತ್ರ ಇದರ ಮೇಲೆ ಆಸೆ ಹೆಚ್ಚು.

1917ರ ಸಂಗತಿ ಕೇಳಿ. ಆ ಇಸವಿಯ ಸಿಡ್ನಿ, ಪರ್ತ್ ನಾಣ್ಯಗಳು ಬೇಕಾದಷ್ಟಿವೆ. ಅಕ್ಷರವಿಲ್ಲದ್ದು ಲಂಡನ್ನಿನದು, ತೀರ ವಿರಳ. ಹಾಗೆಂದೇ ಅಕ್ಷರವನ್ನು ಕೆರೆದು ತೆಗೆದು ಲಂಡನ್ನಿನದೆಂದು ಮಾರುವವರಿದ್ದಾರೆ. 1918ರಲ್ಲಿ ಲಂಡನ್ನಿನಲ್ಲಿ ಸವರನ್ ಅಚ್ಚಾಗಲೇ ಇಲ್ಲ. ಆ ಇಸವಿಯಿದ್ದು ಅಕ್ಷರವಿಲ್ಲದ ನಾಣ್ಯ ಕಂಡರೆ ಸಂಶಯಪಡಿ. ನಾನು ಮಿಡಲ್ ಸ್ಕೂಲಿನವನು, ನಾಣ್ಯಶಾಸ್ತ್ರ ಓದಿದವನಲ್ಲ. ಆದರೆ ಹೋಟೆಲಿನ ಗಲ್ಲೆಯ ಮೇಲೆ ಕೂತವನಿಗೆ ಖೊಟ್ಟಿ ನಾಣ್ಯದ ಮೇಲೆ ಕಣ್ಣಿಡುವುದು ಯಾರೂ ಕಲಿಸಬೇಕಾಗಿಲ್ಲ.

ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೆ, ತೂತು ಕೊರೆದಿದ್ದರೆ, ಮುಖ ಸವೆದಿದ್ದರೆ ಸಂಗ್ರಾಹಕನು ಕೈಬಿಡುತ್ತಾನೆ, ಚಿನ್ನದ ಬೆಲೆಯೊಂದೇ ಉಳಿಯುತ್ತದೆ. ದಯವಿಟ್ಟು ಉಜ್ಜಬೇಡಿ! ಹೋಟೆಲಿನವರಿಗೆ ಕಪ್ಪಾದದ್ದು ಕಂಡರೆ ಹುಣಸೆಹಣ್ಣು ಹಿಡಿಯುವ ಚಟ. ಉಜ್ಜಿ ಹೊಳೆಸಿದ ನಾಣ್ಯದ ಬೆಲೆ ಇಳಿಯುತ್ತದೆ, ಏರುವುದಿಲ್ಲ.

ಇನ್ನೊಂದು ಕಡೆಯ ಮೋಸವೂ ಇದೆ. ನಿಮ್ಮ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡಿಸುತ್ತೇನೆ, ಮೊದಲು ಫೀಜು ಕಟ್ಟಿ ಎಂದು ಫೋನಿನಲ್ಲಿ ಹೇಳುವವರು. ರಿಸರ್ವ್ ಬ್ಯಾಂಕಿನ ಹೆಸರನ್ನೇ ಹೇಳಿಕೊಂಡು ವಸೂಲಿ ಮಾಡುತ್ತಿದ್ದರೆಂದು ಆ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಹೊರಡಿಸಿತು. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಇಸವಿ, ಅಕ್ಷರ ಬರೆದುಕೊಂಡು ಇಬ್ಬರು ಮೂವರು ನಾಣ್ಯ ವ್ಯಾಪಾರಿಗಳಲ್ಲಿ ಬೇರೆ ಬೇರೆಯಾಗಿ ವಿಚಾರಿಸಿ. ಅವರು ಹೇಳುವ ಬೆಲೆಯಲ್ಲಿ ಚಿನ್ನದ ಲೆಕ್ಕ ಕಳೆದರೆ ಮಿಕ್ಕದ್ದೇ ಆ ನಾಣ್ಯದ ಹೆಚ್ಚಿನ ಬೆಲೆ.

ಬರುವ ಭಾನುವಾರ ಸಂಘದ ಕೋಣೆಯಲ್ಲಿ ಒಂದು ಭೂತಕನ್ನಡಿ, ಒಂದು ಸಣ್ಣ ತಕ್ಕಡಿ ಇಟ್ಟಿರುತ್ತೇವೆ. ಪವನು ಇದ್ದವರು ತನ್ನಿ. ಅದನ್ನು ಜೋಪಾನ ಮಾಡಿದವರು ಮನೆಯ ಹೆಂಗಸರು, ಅವರನ್ನೂ ಕರೆದುಕೊಂಡು ಬನ್ನಿ.