ಆಗದ ಇತಿಹಾಸ, ಆದ ನಿರಾಸೆ

1995ರಲ್ಲಿ ಅಮೆರಿಕದ ಪುಸ್ತಕದಂಗಡಿಗಳಿಗೆ ‘1945’ ಎಂಬ ಕಾದಂಬರಿ ಬಂತು. ಬರೆದವರು ಇಬ್ಬರು, ನ್ಯೂಟ್ ಗಿಂಗ್ರಿಚ್ ಮತ್ತು ವಿಲಿಯಂ ಫೋರ್ಸ್ಟ್‌ಚೆನ್. ಎರಡನೆಯವರು ಇತಿಹಾಸ ಓದಿದವರು, ಕಾದಂಬರಿ ಬರೆದು ಪಳಗಿದವರು. ಆದರೆ ಪುಸ್ತಕದ ಸುತ್ತ ಗದ್ದಲ ಎದ್ದದ್ದು ಮೊದಲ ಹೆಸರಿನಿಂದ. ಅದೇ ವರ್ಷದ ಜನವರಿಯಲ್ಲಿ ಗಿಂಗ್ರಿಚ್ ಅಮೆರಿಕದ ಪ್ರತಿನಿಧಿ ಸಭೆಯ ಸ್ಪೀಕರ್ ಆಗಿದ್ದರು. ನಲವತ್ತು ವರ್ಷಗಳ ನಂತರ ರಿಪಬ್ಲಿಕನ್ ಪಕ್ಷಕ್ಕೆ ಆ ಸಭೆಯಲ್ಲಿ ಬಹುಮತ ಸಿಕ್ಕಿತ್ತು. ವರ್ಷದ ಕೊನೆಗೆ ‘ಟೈಮ್’ ಪತ್ರಿಕೆ ಅವರನ್ನೇ ವರ್ಷದ ವ್ಯಕ್ತಿ ಎಂದು ಮುಖಪುಟಕ್ಕೆ ಹಾಕಿತು. ಇಷ್ಟು ಸುದ್ದಿಯಲ್ಲಿರುವವರ ಪುಸ್ತಕ ಓಡದೆ ಇರುತ್ತದೆಯೇ ಎಂದು ಬೇನ್ ಪ್ರಕಾಶನ ಪ್ರತಿಗಳನ್ನು ಧಾರಾಳವಾಗಿ ಅಚ್ಚು ಹಾಕಿಸಿತು. ಅದರಲ್ಲಿ ದೊಡ್ಡ ಪಾಲು ಮಾರಾಟವಾಗದೆ ವಾಪಸ್ಸು ಬಂತು.

ದೂರದ ಅಮೆರಿಕದ ಸೋತ ಪುಸ್ತಕವೊಂದು ರಾಯಚೂರಿನ ದತ್ತಿ ಉಪನ್ಯಾಸಕ್ಕೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಕೃಷ್ಣೆ, ತುಂಗಭದ್ರೆ ಎಂಬ ಎರಡು ನದಿಗಳ ನಡುವಿನ ಈ ದೋಆಬ್‌ನಷ್ಟು ‘ಹೀಗಾಗಿದ್ದರೆ?’ ಎಂಬ ಪ್ರಶ್ನೆಗಳನ್ನು ಒಡಲಲ್ಲಿ ಇಟ್ಟುಕೊಂಡ ಸೀಮೆ ಕರ್ನಾಟಕದಲ್ಲಿ ಮತ್ತೊಂದಿಲ್ಲ. ಇಂದಲ್ಲ ನಾಳೆ ಯಾರಾದರೂ ಹೆಸರಾಂತರು ಇದರ ಮೇಲೆ ಪರ್ಯಾಯ ಇತಿಹಾಸದ ಕಾದಂಬರಿ ಬರೆಯಬಹುದು. ಅದನ್ನು ಅಳೆಯುವ ಕೋಲು ಇಲ್ಲಿನ ಓದುಗರ ಕೈಯಲ್ಲಿ ಮೊದಲೇ ಇರಬೇಕು.

ಒಂದು ಸುಳ್ಳಿಗೆ ಮಾತ್ರ ಪರವಾನಗಿ

ಪರ್ಯಾಯ ಇತಿಹಾಸದ ಆಟ ಹಳೆಯದು. ಅಲೆಕ್ಸಾಂಡರ್ ಪಶ್ಚಿಮಕ್ಕೆ ತಿರುಗಿ ರೋಮ್ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ರೋಮನ್ ಇತಿಹಾಸಕಾರ ಲಿವಿ ಎರಡು ಸಾವಿರ ವರ್ಷಗಳ ಹಿಂದೆಯೇ ಚರ್ಚಿಸಿದ್ದ. 1931ರಲ್ಲಿ ಜೆ.ಸಿ. ಸ್ಕ್ವೈರ್ ಸಂಪಾದಿಸಿದ ಇಂಥ ಪ್ರಬಂಧಗಳ ಸಂಕಲನಕ್ಕೆ ವಿನ್‌ಸ್ಟನ್ ಚರ್ಚಿಲ್ ಕೂಡ ಬರೆದುಕೊಟ್ಟರು. 1962ರಲ್ಲಿ ಫಿಲಿಪ್ ಕೆ. ಡಿಕ್, ಜರ್ಮನಿ ಮತ್ತು ಜಪಾನ್ ಗೆದ್ದು ಹಂಚಿಕೊಂಡ ಅಮೆರಿಕವನ್ನು ಕಾದಂಬರಿಯಾಗಿಸಿ ಮರುವರ್ಷ ಹ್ಯೂಗೋ ಪ್ರಶಸ್ತಿ ಪಡೆದರು. ರಾಬರ್ಟ್ ಹ್ಯಾರಿಸ್ 1992ರ ‘ಫಾದರ್‌ಲ್ಯಾಂಡ್’ನಲ್ಲಿ ಹಿಟ್ಲರ್ ಗೆದ್ದ 1964ರ ಬರ್ಲಿನ್ನಿನ ಬೀದಿಗಳಲ್ಲಿ ಒಬ್ಬ ಪೊಲೀಸ್ ಅಧಿಕಾರಿಯನ್ನು ನಡೆಸಿದರು.

ಇವುಗಳ ಓದುಗ ಲೇಖಕನಿಗೆ ಒಂದೇ ಒಂದು ಸುಳ್ಳಿಗೆ ಪರವಾನಗಿ ಕೊಡುತ್ತಾನೆ. ಆ ಸುಳ್ಳು ಎಷ್ಟು ದೊಡ್ಡದಾದರೂ ಅವನ ತಕರಾರಿಲ್ಲ. ಅದಾದ ಮೇಲಿನ ಪ್ರತಿಯೊಂದನ್ನೂ ತೂಗಿ ನೋಡುತ್ತಾನೆ.

‘1945’ರ ದೊಡ್ಡ ಸುಳ್ಳು ಚೆನ್ನಾಗಿಯೇ ಇತ್ತು. ಪರ್ಲ್ ಹಾರ್ಬರ್ ದಾಳಿಯ ಹಿಂದಿನ ದಿನ, 1941ರ ಡಿಸೆಂಬರ್ 6ರಂದು, ಹಿಟ್ಲರ್ ವಿಮಾನ ಅಪಘಾತದಲ್ಲಿ ಗಾಯಗೊಂಡು ವಾರಗಟ್ಟಲೆ ಪ್ರಜ್ಞೆ ಇಲ್ಲದೆ ಬೀಳುತ್ತಾನೆ. ನಿಜದಲ್ಲಿ ಡಿಸೆಂಬರ್ 11ರಂದು ಜರ್ಮನಿ ಅಮೆರಿಕದ ಮೇಲೆ ಯುದ್ಧ ಸಾರಿತು, ಕಾದಂಬರಿಯಲ್ಲಿ ಸಾರುವುದಿಲ್ಲ. ಅಮೆರಿಕ ಜಪಾನನ್ನು ಮಾತ್ರ ಸೋಲಿಸುತ್ತದೆ, ಜರ್ಮನಿ ರಷ್ಯಾವನ್ನು ಮುರಿಯುತ್ತದೆ, 1945ರಲ್ಲಿ ಇಬ್ಬರು ಗೆದ್ದವರು ಎದುರುಬದುರಾಗುತ್ತಾರೆ. ಅಣುಬಾಂಬಿನ ಕೆಲಸ ನಡೆಯುವ ಓಕ್ ರಿಜ್ ಮೇಲೆ ಜರ್ಮನ್ ಕಮಾಂಡೊಗಳು ಎರಗುತ್ತಾರೆ.

ಕೆಡಿಸಿದ್ದು ಇದರ ನಂತರದ್ದು. ಶ್ವೇತಭವನದ ಅಧಿಕಾರಿಯನ್ನು ಮೋಹಿಸುವ ಬೇಹುಗಾರ್ತಿಯ ದೃಶ್ಯವೊಂದು ಪುಸ್ತಕಕ್ಕಿಂತ ಮೊದಲೇ, 1994ರ ಕೊನೆಯಲ್ಲಿ, ಪತ್ರಿಕೆಗಳಿಗೆ ಸೋರಿ ನಗೆಪಾಟಲಾಯಿತು. ಆ ಬಳಿಕ ಅದನ್ನು ತಿದ್ದಿದರೂ ಹೋದ ಮಾನ ಬರಲಿಲ್ಲ. ಪಾತ್ರಗಳಿಗಿಂತ ಶಸ್ತ್ರಗಳ ವಿವರವೇ ಮುಂದೆ ನಿಂತಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟೆಂದರೆ ಕಥೆ ನಡುನೀರಿನಲ್ಲಿ ನಿಂತು, ಉಳಿದದ್ದು ಮುಂದಿನ ಸಂಪುಟಕ್ಕೆ ಎಂದದ್ದು. ಆ ಸಂಪುಟ ಬರಲೇ ಇಲ್ಲ. ಗಿಂಗ್ರಿಚ್ ಟುಲೇನ್ ವಿಶ್ವವಿದ್ಯಾಲಯದಿಂದ 1971ರಲ್ಲಿ ಇತಿಹಾಸದಲ್ಲಿ ಪಿಎಚ್‌ಡಿ ಪಡೆದವರು, ಕಾಲೇಜಿನಲ್ಲಿ ಪಾಠ ಹೇಳಿದವರು. ಪದವಿಯಿತ್ತು, ಹೆಸರಿತ್ತು, ಒಳ್ಳೆಯ ಕಲ್ಪನೆಯೂ ಇತ್ತು. ತೆರೆದ ಲೆಕ್ಕವನ್ನು ಮುಗಿಸುವ ವ್ಯವಧಾನ ಇರಲಿಲ್ಲ.

ಅದೇ ಜೋಡಿ 2003ರಿಂದ 2005ರವರೆಗೆ ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕದನದ ಮೇಲೆ ಮೂರು ಸಂಪುಟ ಬರೆಯಿತು. ಅಲ್ಲಿ ದಕ್ಷಿಣದ ಸೇನಾಪತಿ ಲೀ ನೇರ ದಾಳಿ ಬಿಟ್ಟು ಶತ್ರುವಿನ ಬೆನ್ನಿಗೆ ಸುತ್ತುಹಾಕುತ್ತಾನೆ, ದೊಡ್ಡ ಗೆಲುವನ್ನೂ ಪಡೆಯುತ್ತಾನೆ; ಆದರೂ ಉತ್ತರದ ಜನಬಲ ಹಾಗೂ ಕಾರ್ಖಾನೆಗಳ ಎದುರು ಕೊನೆಗೆ ಶರಣಾಗುತ್ತಾನೆ. ಒಂದು ಯುದ್ಧ ಬದಲಾದ ಮಾತ್ರಕ್ಕೆ ದೇಶದ ಹಣೆಬರಹ ಬದಲಾಗುವುದಿಲ್ಲ ಎಂಬ ಎಚ್ಚರ ಈ ಸಂಪುಟಗಳಲ್ಲಿತ್ತು. ಮುಖ್ಯವಾಗಿ, ಕಥೆ ಮುಗಿಯಿತು.

ಕನ್ನಡದ ಜಗಳ ಬೇರೆ

ಕನ್ನಡದಲ್ಲಿ ಹೆಸರಾಂತರ ಇತಿಹಾಸದ ಕೃತಿಗಳ ಮೇಲೆ ಜಗಳ ಹೊಸದಲ್ಲ. ಎಸ್.ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಒಂದರ ಮೇಲೊಂದು ಮುದ್ರಣ ಕಂಡಿತು. ಯು.ಆರ್. ಅನಂತಮೂರ್ತಿ ಅದನ್ನು ಕಟುವಾಗಿ ಟೀಕಿಸಿದರು, ಓದುಗರು ಎರಡು ಪಾಳೆಯವಾದರು. ಗಿರೀಶ ಕಾರ್ನಾಡರು 2018ರಲ್ಲಿ ‘ರಾಕ್ಷಸ ತಂಗಡಿ’ ನಾಟಕದಲ್ಲಿ 1565ರ ವಿಜಯನಗರದ ಸೋಲಿನ ಕಡೆಗೆ, ರಾಮರಾಯನ ಮನಸ್ಸಿನ ಕಡೆಗೆ ತಿರುಗಿದರು. 2022ರಲ್ಲಿ ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜಕನಸುಗಳು’ ಬಂದ ಮೇಲೆ ಟಿಪ್ಪುವನ್ನು ಕೊಂದರೆನ್ನಲಾದ ಉರಿಗೌಡ, ನಂಜೇಗೌಡ ಎಂಬ ಹೆಸರುಗಳು ರಾಜಕೀಯದ ಬೀದಿಗೇ ಬಂದವು.

ಈ ಎಲ್ಲ ಜಗಳಗಳಲ್ಲಿ ಓದುಗ ಕೇಳಿದ್ದು ಒಂದೇ: ಇದು ನಡೆದದ್ದೇ? ಪರ್ಯಾಯ ಇತಿಹಾಸ ಆ ಪ್ರಶ್ನೆಗೆ ಮೊದಲ ಪುಟದಲ್ಲೇ ‘ಇಲ್ಲ’ ಎಂದು ಒಪ್ಪಿಕೊಂಡು ಕೂರುತ್ತದೆ. ಅಲ್ಲಿ ಕೇಳಬೇಕಾದದ್ದು: ಹೀಗೆ ನಡೆಯಬಹುದಿತ್ತೇ? ಇದು ಮೊದಲಿನದಕ್ಕಿಂತ ಕಠಿಣ. ನಡೆದ ಸಂಗತಿಗೆ ಶಾಸನವೋ ಕಾಗದವೋ ಸಾಕ್ಷಿ ಹೇಳುತ್ತದೆ. ನಡೆಯದ ಸಂಗತಿಗೆ ಮಣ್ಣು, ಮಳೆ, ಹಣ, ದಾರಿ, ಮನುಷ್ಯರ ಸ್ವಭಾವ, ಇವೇ ಸಾಕ್ಷಿ.

ಕೃಷ್ಣೆಯ ದಡದ ಪರೀಕ್ಷೆ

1520ರ ರಾಯಚೂರು ಯುದ್ಧವನ್ನೇ ತೆಗೆದುಕೊಳ್ಳಬಹುದು. ಹದಿನೈದು ವರ್ಷಗಳ ನಂತರ ವಿಜಯನಗರಕ್ಕೆ ಬಂದ ಕುದುರೆ ವ್ಯಾಪಾರಿ ನ್ಯೂನಿಜ್ ಅದರ ಕಥೆ ಬರೆದಿಟ್ಟಿದ್ದಾನೆ. ಕೃಷ್ಣದೇವರಾಯ ಸೀದಿ ಮರ್ಕಾರ್ ಎಂಬ ವ್ಯಾಪಾರಿಗೆ 40,000 ಪರ್ದಾವ್ ಕೊಟ್ಟು ಗೋವೆಯಿಂದ ಕುದುರೆ ತರಲು ಕಳಿಸಿದ. ಅವನು ಹಣದೊಂದಿಗೆ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ಕಡೆ ಓಡಿದ. ಸುಲ್ತಾನ ಅವನನ್ನು ಒಪ್ಪಿಸಲಿಲ್ಲ. ಯುದ್ಧಕ್ಕೆ ಆ ನೆಪ ಸಾಕಾಯಿತು. ಕೃಷ್ಣೆ ದಾಟಿ ಬಂದ ಸುಲ್ತಾನನ ತೋಪುಗಳು ಮೊದಲ ಹೊಡೆತಕ್ಕೇ ವಿಜಯನಗರದ ಮುಂಪಡೆಯನ್ನು ಚದುರಿಸಿದವು. ರಾಯ ತಾನೇ ಕುದುರೆ ಏರಿ ಉಳಿದ ಪಡೆಯನ್ನು ನುಗ್ಗಿಸಿದ. ಸುಲ್ತಾನನ ಸೈನ್ಯ ಹೊಳೆಗೆ ಬಿತ್ತು. ನ್ಯೂನಿಜ್ ಲೆಕ್ಕದಲ್ಲಿ ನಾನೂರು ದೊಡ್ಡ ತೋಪುಗಳು ಕೈಸೇರಿದವು. ಬಳಿಕ ಕ್ರಿಸ್ಟೊವಾವ್ ಡಿ ಫಿಗೆರೆದೊ ಜೊತೆಗಿದ್ದ ಇಪ್ಪತ್ತು ಪೋರ್ಚುಗೀಸ್ ಬಂದೂಕುಗಾರರು ಕೋಟೆಯ ಮೇಲಿನವರನ್ನು ಗುರಿಯಿಟ್ಟು ಹೊಡೆಯುತ್ತಿದ್ದಂತೆ ಕಾವಲು ಸಡಿಲಿತು, ರಾಯಚೂರು ಶರಣಾಯಿತು. ಕೋಟೆಯ ನವರಂಗಿ ದರವಾಜೆಯಲ್ಲಿ ವಿಜಯನಗರದ ಕಾಲದ ಕೆತ್ತನೆಗಳು ಇಂದಿಗೂ ಇವೆ.

ಸೀದಿ ಮರ್ಕಾರ್ ಓಡಿಹೋಗದೆ ಕುದುರೆ ತಂದಿದ್ದರೆ? ಫಿಗೆರೆದೊ ಬಾರದಿದ್ದರೆ? ಕಾದಂಬರಿಕಾರನಿಗೆ ಎರಡೂ ಒಳ್ಳೆಯ ಬಾಗಿಲು. ಆದರೆ ದೇವದುರ್ಗದ ಓದುಗ ಬೇರೆಯದನ್ನು ಹಿಡಿಯುತ್ತಾನೆ. ಯುದ್ಧ ನಡೆದದ್ದು ಮೇ ತಿಂಗಳಲ್ಲಿ, ಹೊಳೆ ಬತ್ತಿ ದಾಟಲು ಬರುವ ಬೇಸಗೆಯಲ್ಲಿ. ಕಾದಂಬರಿಕಾರ ಅದನ್ನು ಶ್ರಾವಣಕ್ಕೆ ತಳ್ಳಿ, ತುಂಬಿದ ಕೃಷ್ಣೆಯನ್ನು ಸುಲ್ತಾನನ ತೋಪಿನ ಬಂಡಿಗಳು ಸರಾಗವಾಗಿ ದಾಟಿದವೆಂದು ಬರೆದರೆ ಹೊಳೆದಂಡೆಯವರು ಪುಸ್ತಕ ಮುಚ್ಚಿಡುತ್ತಾರೆ. ತುಂಗಭದ್ರೆಯ ಕಡೆಯ ಮಾನ್ವಿಯವರ ಕಣ್ಣು ಹೊಲದ ಮೇಲಿರುತ್ತದೆ. ಇಲ್ಲಿ ದಿಗಂತದವರೆಗೆ ಭತ್ತ ಕಂಡದ್ದು 1953ರಲ್ಲಿ ಅಣೆಕಟ್ಟಿಗೆ ನೀರು ನಿಂತು ಎಡದಂಡೆ ಕಾಲುವೆ ಹರಿದ ಮೇಲೆ. ಅದಕ್ಕೂ ಮುಂಚೆ ಎರೆ ಹೊಲದಲ್ಲಿ ಜೋಳ, ಹತ್ತಿ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಕೈಯಲ್ಲಿ ಬಂದದ್ದು. 1520ರ ಸೈನಿಕ ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಂಡು ಕೂತರೆ ಇಡೀ ತಾಲ್ಲೂಕು ನಗುತ್ತದೆ.

ಯುದ್ಧವಿಲ್ಲದ ಕಾದಂಬರಿ

ರಾಯಚೂರಿನ ನಿಜವಾದ ಪರ್ಯಾಯ ಕಾದಂಬರಿಗೆ ಬಹುಶಃ ಯುದ್ಧವೇ ಬೇಡ. 1853ರಲ್ಲಿ ನಿಜಾಮ, ಸೈನ್ಯದ ಬಾಕಿಯ ಲೆಕ್ಕಕ್ಕೆ, ರಾಯಚೂರು ದೋಆಬ್ ಅನ್ನು ಕಂಪನಿ ಸರ್ಕಾರಕ್ಕೆ ಒಪ್ಪಿಸಿದ. 1857ರಲ್ಲಿ ಬ್ರಿಟಿಷರ ಪಕ್ಷದಲ್ಲಿ ನಿಂತದ್ದಕ್ಕೆ 1860ರಲ್ಲಿ ಅದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಮರಳಿತು. ಬರೀ ಏಳು ವರ್ಷ. ಮರಳದಿದ್ದರೆ?

ಆಗ ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿ ಇರುತ್ತಿರಲಿಲ್ಲ. ಮನೆಮನೆಯ ಟ್ರಂಕಿನಲ್ಲಿ ಉರ್ದುವಿನಲ್ಲಿ ಬರೆದ ಹಳೆಯ ಜಮೀನಿನ ಕಾಗದ ಇರುತ್ತಿರಲಿಲ್ಲ. ಅಜ್ಜಂದಿರು ಬೇರೆ ಭಾಷೆಯಲ್ಲಿ ಶಾಲೆ ಕಲಿಯುತ್ತಿದ್ದರು. ರಜಾಕಾರರ ಹಾವಳಿಯ ನೆನಪು, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಯಾವುದೂ ಈ ಊರಿನದಾಗುತ್ತಿರಲಿಲ್ಲ. ಹಳೆಯ ಹೈದರಾಬಾದ್ ಸೀಮೆಗೆಂದು 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ಮೀಸಲಾತಿಯ ಪ್ರಮಾಣಪತ್ರಕ್ಕಾಗಿ ತಹಶೀಲ್ದಾರ್ ಕಚೇರಿಯ ಮುಂದೆ ಮಕ್ಕಳು ಸರದಿ ನಿಲ್ಲುತ್ತಿರಲಿಲ್ಲ. 1871ರಲ್ಲಿ ಮುಂಬೈ ಮತ್ತು ಮದ್ರಾಸಿನ ರೈಲು ಹಳಿಗಳು ರಾಯಚೂರಿನಲ್ಲೇ ಕೂಡಿಕೊಂಡವು. ಆ ಕೂಟ ಹಾಗೇ ಉಳಿಯುತ್ತಿತ್ತೇ ಎಂಬುದನ್ನೂ ಲೇಖಕ ಉತ್ತರಿಸಬೇಕು. ಇಷ್ಟನ್ನು ಜೋಡಿಸಲು ಹಿಟ್ಲರನ ವಿಮಾನ ಬೀಳಬೇಕಿಲ್ಲ, ಒಂದು ಒಪ್ಪಂದದ ಒಂದು ಕಲಂ ಬದಲಾದರೆ ಸಾಕು.

ಇಂಥ ಕಾದಂಬರಿ ಬರೆಯಲು ಹೊರಡುವವರು ಶಾಸಕರಿರಲಿ, ಸಿನಿಮಾ ನಟರಿರಲಿ, ಪ್ರಶಸ್ತಿ ಪಡೆದ ಸಾಹಿತಿಗಳಿರಲಿ, ಹಸ್ತಪ್ರತಿ ಅಚ್ಚಿಗೆ ಹೋಗುವ ಮೊದಲು ದೇವದುರ್ಗದ ಒಬ್ಬ ರೈತರಿಗೂ ಮಾನ್ವಿಯ ಒಬ್ಬ ಶಿಕ್ಷಕಿಗೂ ರಾಯಚೂರಿನ ಒಬ್ಬ ಉರ್ದು ಬಲ್ಲ ಹಿರಿಯರಿಗೂ ಅದನ್ನು ಓದಿಸಬೇಕು. ಕಥೆ ಮುಗಿಯದಿದ್ದರೆ ಮುಗಿಯುವವರೆಗೆ ಪ್ರಕಟಿಸಬಾರದು. ಓದುಗರೂ ಅಷ್ಟೇ: ರಕ್ಷಾಪುಟದ ಹೆಸರು ನೋಡಿ ಕೊಳ್ಳುವ ಮುನ್ನ ನಡುವಿನ ಹತ್ತು ಪುಟ ತಿರುವಿ, ಹೊಳೆ, ಹೊಲ, ಊಟ ಸರಿಯಾಗಿವೆಯೇ ಎಂದು ನೋಡಿ ದುಡ್ಡು ಕೊಡಲಿ.